ಯಾದಗಿರಿಯ ಕಲ್ಲುಗುಡ್ಡಗಳಲ್ಲಿ ಭೂಮಿಯ ಹಳೆಯ ಖನಿಜ: ಶಿಲಾಮಾದರಿ ಸಂಗ್ರಹಿಸುವವರಿಗೊಂದು ಸಮಗ್ರ ಮಾರ್ಗದರ್ಶಿ

ಕಲಬುರಗಿಯಿಂದ ಜೇವರ್ಗಿ ದಾಟಿ ಶಹಾಪುರದ ಕಡೆಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ ದಾರಿಯಲ್ಲಿ ಮೂರು ಬಗೆಯ ನೆಲ ಕಾಣಸಿಗುತ್ತದೆ. ಮೊದಲು ತೊಗರಿ ಬೆಳೆಯುವ ಎರೆಭೂಮಿ ಮತ್ತು ಅದರ ಅಡಿಯ ಕಪ್ಪು ಬಸಾಲ್ಟ್. ಅನಂತರ ಶಹಾಬಾದ್, ವಾಡಿ, ಸೇಡಂ ಸೀಮೆಯವರು ಮನೆಗೆ ಹಾಸುವ ಫರಸಿ ಕಲ್ಲು, ಅಂದರೆ ಭೀಮಾ ಜಲಾನಯನದ ಸುಣ್ಣಕಲ್ಲು. ಕೊನೆಗೆ ಒಂದರ ಮೇಲೊಂದು ಪೇರಿಸಿಟ್ಟಂತಿರುವ ದುಂಡುಬಂಡೆಗಳ ಗುಡ್ಡ, ಶಹಾಪುರದ ಜನ ‘ಮಲಗಿದ ಬುದ್ಧ’ ಎಂದು ಬೆರಳು ಮಾಡಿ ತೋರಿಸುವ ಸಾಲು. ಬಸಾಲ್ಟಿಗೆ ಸುಮಾರು 6.6 ಕೋಟಿ ವರ್ಷ. ಪೂರ್ವ ಧಾರವಾಡ ಕ್ರೇಟಾನ್ ಎಂದು ಭೂವಿಜ್ಞಾನಿಗಳು ಕರೆಯುವ ಪುರಾತನ ನೆಲಗಟ್ಟಿಗೆ ಸೇರಿದ ಈ ಗುಡ್ಡಗಳ ಗ್ರಾನೈಟ್ ಮತ್ತು ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆಗಳಿಗೆ ಬಹುಮಟ್ಟಿಗೆ 250ರಿಂದ 270 ಕೋಟಿ ವರ್ಷ. ಫರಸಿ ಕಲ್ಲು ಇವೆರಡರ ನಡುವಿನದು. ಗ್ರಾನೈಟಿಗಿಂತ ನೂರು ಕೋಟಿ ವರ್ಷಕ್ಕೂ ಹೆಚ್ಚು ಕಿರಿಯದು.

ಹಳೆಯ ಖನಿಜವನ್ನು ಹುಡುಕುವವರು ಇಳಿಯಬೇಕಾದ ನಿಲ್ದಾಣ ಈ ಮೂರನೆಯದು. ಶಹಾಪುರ, ಸುರಪುರ, ಯಾದಗಿರಿ, ಗುರುಮಠಕಲ್ ಸುತ್ತಲಿನ ಬರಿಬಂಡೆಯ ಗುಡ್ಡಗಳಲ್ಲಿ ಶಿಲಾಮಾದರಿಯನ್ನು ಹೇಗೆ ಆರಿಸಬೇಕು, ಹೇಗೆ ದಾಖಲಿಸಬೇಕು, ಅದರೊಳಗಿನ ಜಿರ್ಕಾನ್ ಎಂಬ ಹಳೆಯ ಖನಿಜದ ಹರಳನ್ನು ಮನೆಯಲ್ಲೇ ಹೇಗೆ ಬೇರ್ಪಡಿಸಬೇಕು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಅದರ ವಯಸ್ಸಿನ ಬಗ್ಗೆ ಚೀಟಿಯಲ್ಲಿ ಏನನ್ನು ಬರೆಯುವ ಹಕ್ಕು ನಮಗಿದೆ ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಮೊದಲು ತಿಳಿಯಬೇಕಾದದ್ದು: ಕಲ್ಲಿನ ವಯಸ್ಸು ಬೇರೆ, ಹರಳಿನ ವಯಸ್ಸು ಬೇರೆ

ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಭೂಮಿಯಲ್ಲಿ ಈವರೆಗೆ ಸಿಕ್ಕಿರುವ ಅತಿ ಹಳೆಯ ಖನಿಜ ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್ ಎಂಬ ಗುಡ್ಡಸಾಲಿನದು. ಅಲ್ಲಿನ ಒಂದು ಜಿರ್ಕಾನ್ ಹರಳಿಗೆ ಸುಮಾರು 440 ಕೋಟಿ ವರ್ಷವೆಂದು 2001ರಲ್ಲಿ ಪ್ರಕಟವಾಯಿತು. ಆದರೆ ಆ ಹರಳು ಸಿಕ್ಕ ಕಲ್ಲು ಅಷ್ಟು ಹಳೆಯದೇನಲ್ಲ. ಅದು ಸುಮಾರು 300 ಕೋಟಿ ವರ್ಷದ ಹಿಂದೆ ನದಿಯ ಜಲ್ಲಿ ಮತ್ತು ಮರಳು ಗಟ್ಟಿಯಾಗಿ ಆದ ಬೆಣಚುಶಿಲೆ. ಮೂಲ ಬೆಟ್ಟ ಸವೆದು ಹೋಗಿದೆ. ಅದರ ಹರಳು ಮಾತ್ರ ಇನ್ನೊಂದು ಕಲ್ಲಿನ ಹೊಟ್ಟೆಯಲ್ಲಿ ಉಳಿದಿದೆ. ಇದಕ್ಕೆ ಹೋಲಿಸಿದರೆ ಕೆನಡಾದ ಅಕಾಸ್ಟಾ ನೈಸ್ ಇಡಿಯ ಶಿಲೆಯಾಗಿಯೇ 400 ಕೋಟಿ ವರ್ಷ ದಾಟಿದ್ದು. ಅದರ ವಯಸ್ಸು ಸುಮಾರು 403 ಕೋಟಿ. ನಮ್ಮ ದೇಶದಲ್ಲಿ ಒಡಿಶಾದ ಚಂಪುವಾ ಬಳಿಯ ಶಿಲೆಯೊಂದರಲ್ಲಿ 400 ಕೋಟಿ ವರ್ಷ ಮೀರಿದ ಎರಡು ಜಿರ್ಕಾನ್‌ಗಳು ದೊರೆತ ವಿಷಯ 2018ರಲ್ಲಿ ಪ್ರಕಟವಾಗಿದೆ. ಅವುಗಳಲ್ಲಿ ಹಿರಿಯದಕ್ಕೆ ಸುಮಾರು 424 ಕೋಟಿ ವರ್ಷ. ಕರ್ನಾಟಕದೊಳಗೆ ಹೇಳುವುದಾದರೆ ಹಾಸನ ಸೀಮೆಯ ಗೊರೂರು, ಹೊಳೆನರಸೀಪುರದ ಶಿಲೆಗಳು ಯಾದಗಿರಿಯವಕ್ಕಿಂತ ಹಿರಿಯವು. ಅಲ್ಲಿ 330 ಕೋಟಿ ವರ್ಷದ ಆಚೀಚಿನ ನೈಸ್‌ಗಳಿವೆ.

ಜಿರ್ಕಾನ್ ಎಂದರೆ ಜಿರ್ಕೋನಿಯಂ ಸಿಲಿಕೇಟ್. ಗ್ರಾನೈಟ್ ಕರಗಿದ ಸ್ಥಿತಿಯಲ್ಲಿದ್ದು ತಣಿಯುವಾಗ ಅದರಲ್ಲಿ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಹರಳುಗಳಾಗಿ ಇದು ಮೂಡುತ್ತದೆ. ಗಡಸುತನ 7.5, ಬೆಣಚುಕಲ್ಲಿನದು 7. ಮಳೆ, ಬಿಸಿಲು, ನದಿಯ ಉಜ್ಜಾಟ ಯಾವುದಕ್ಕೂ ಸುಲಭವಾಗಿ ಜಗ್ಗುವುದಿಲ್ಲ. ಬೆಳೆಯುವ ಹೊತ್ತಿನಲ್ಲಿ ಅದು ಯುರೇನಿಯಂ ಪರಮಾಣುಗಳನ್ನು ಸ್ವಲ್ಪಮಟ್ಟಿಗೆ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುತೇಕ ಹೊರಗಿಡುತ್ತದೆ. ಹೀಗಾಗಿ ಇಂದು ಅದರೊಳಗೆ ಕಾಣುವ ಸೀಸದಲ್ಲಿ ಹೆಚ್ಚಿನದು ಯುರೇನಿಯಂ ಕ್ಷಯಿಸಿ ಹುಟ್ಟಿದ್ದು. ಯುರೇನಿಯಂ-238 ಅರ್ಧದಷ್ಟಾಗಲು ಸುಮಾರು 447 ಕೋಟಿ ವರ್ಷ, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ ವರ್ಷ ಬೇಕು. ಒಂದೇ ಹರಳಿನಲ್ಲಿ ಎರಡು ಗಡಿಯಾರಗಳಿದ್ದಂತಾಯಿತು. ಎರಡೂ ಒಂದೇ ಸಮಯ ತೋರಿಸಿದರೆ ನಂಬಬಹುದು, ತೋರಿಸದಿದ್ದರೆ ನಡುವೆ ಎಂದೋ ಸೀಸ ಸೋರಿಹೋಗಿದೆ ಎಂದು ತಿಳಿಯಬಹುದು.

ಇನ್ನೊಂದು ತೊಡಕೂ ಇದೆ. ಜಿರ್ಕಾನ್ ಉಳ್ಳಾಗಡ್ಡಿಯಂತೆ ಪದರಪದರವಾಗಿ ಬೆಳೆಯುತ್ತದೆ. ಹಳೆಯ ಶಿಲೆ ಕರಗಿ ಹೊಸ ಗ್ರಾನೈಟ್ ಆಗುವಾಗ ಹಳೆಯ ಹರಳು ಪೂರ್ತಿ ಕರಗದೆ ಉಳಿದು, ಅದರ ಮೇಲೆ ಹೊಸ ಪದರ ಕೂರುವುದುಂಟು. ಅಂಥ ಹರಳಿನ ತಿರುಳಿಗೂ ಹೊರಪದರಕ್ಕೂ ಹತ್ತಾರು ಕೋಟಿ ವರ್ಷಗಳ ಅಂತರವಿರಬಹುದು. ಆದ್ದರಿಂದ ಗುಡ್ಡಕ್ಕೊಂದೇ ವಯಸ್ಸು ಕಟ್ಟಿ, ಅಲ್ಲಿಂದ ತಂದ ಪ್ರತಿಯೊಂದು ಕಣಕ್ಕೂ ಅದನ್ನೇ ಅಂಟಿಸುವಂತಿಲ್ಲ. ಹಳೆಯ ಖನಿಜವಿರಬಹುದಾದ ಕಲ್ಲನ್ನು ಗುರುತಿಸಿ, ಅದರ ಹುಟ್ಟೂರನ್ನು ತಪ್ಪಿಲ್ಲದೆ ದಾಖಲಿಸಿಡುವುದಷ್ಟೇ ಸಂಗ್ರಾಹಕನ ಕೆಲಸ. ವಯಸ್ಸನ್ನು ಪ್ರಯೋಗಾಲಯ ಹೇಳಬೇಕು.

ನಕ್ಷೆ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ‘ಭೂಕೋಶ’ ಜಾಲತಾಣದಲ್ಲಿ ಭೂವೈಜ್ಞಾನಿಕ ನಕ್ಷೆಗಳನ್ನು ಉಚಿತವಾಗಿ ನೋಡಬಹುದು. ಮೊದಲ ದಿನ ಮನೆಯಲ್ಲೇ ಕುಳಿತು ಯಾದಗಿರಿ ಜಿಲ್ಲೆಯ ನಕ್ಷೆಯಲ್ಲಿ ಗ್ರಾನೈಟ್, ನೈಸ್, ಸುಣ್ಣಕಲ್ಲು ಮತ್ತು ಬಸಾಲ್ಟಿನ ಗಡಿಗಳನ್ನು ಗುರುತು ಹಾಕಿಕೊಳ್ಳಿ. ಅದರಲ್ಲೂ ಗ್ರಾನೈಟಿನ ಮೇಲೆ ಭೀಮಾ ಗುಂಪಿನ, ಅಂದರೆ ಫರಸಿ ಕಲ್ಲು ಸೇರಿದ ಶಿಲಾಸಮೂಹದ, ಪದರಗಳು ಕೂತಿರುವ ಅಂಚನ್ನು ಗಮನಿಸಿ. ಆ ಅಂಚಿನ ತಳಭಾಗದಲ್ಲಿ ಕೆಲವೆಡೆ ಮರಳುಗಲ್ಲು ಮತ್ತು ಗುಂಡುಕಲ್ಲು ಸೇರಿದ ಪದರವಿದೆ. ಹಳೆಯ ಗುಡ್ಡಗಳು ಸವೆದು ಬಿದ್ದ ಕಣಗಳೇ ಅಲ್ಲಿ ಕಲ್ಲಾಗಿರುವುದರಿಂದ, ಕಲ್ಲಿಗಿಂತ ಅದರೊಳಗಿನ ಹರಳು ಹಿರಿಯದಾಗಿರುವ ಜ್ಯಾಕ್ ಹಿಲ್ಸ್ ಕಥೆಯನ್ನು ಚಿಕ್ಕ ಪ್ರಮಾಣದಲ್ಲಿ ನಮ್ಮ ಜಿಲ್ಲೆಯಲ್ಲೇ ತೋರಿಸಬಲ್ಲ ಜಾಗ ಅದು. ಹತ್ತು ಗ್ರಾನೈಟ್ ತುಂಡುಗಳಿಗಿಂತ ಈ ಅಂಚಿನ ಒಂದು ಒಳ್ಳೆಯ ಮಾದರಿ ಹೆಚ್ಚು ಮಾತಾಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಬೀದರ್ ಕಡೆಯವರಿಗೊಂದು ಮಾತು: ಅಲ್ಲಿಯ ಜಂಬಿಟ್ಟಿಗೆ ಬಸಾಲ್ಟ್ ಕೊಳೆತು ಆದದ್ದು. ನೋಡಲು ಪುರಾತನವಾಗಿ ಕಂಡರೂ ಈ ಹುಡುಕಾಟಕ್ಕೆ ಅದರಿಂದ ಪ್ರಯೋಜನವಿಲ್ಲ.

ಅಪ್ಪಣೆ, ಮತ್ತು ಮುಟ್ಟಲೇಬಾರದ ಜಾಗಗಳು

ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ತಿಳಿಯುತ್ತದೆ. ಪಟ್ಟಾ ಜಮೀನಾದರೆ ಒಡೆಯರನ್ನು ಕೇಳಬೇಕು. ಗಾಯರಾಣ ಅಥವಾ ಬೇರೆ ಸರ್ಕಾರಿ ಭೂಮಿಯಾದರೆ ತಹಶೀಲ್ದಾರ್ ಕಚೇರಿಯಲ್ಲಿಯೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಯಲ್ಲಿಯೂ ವಿಚಾರಿಸಿ, ಅಧ್ಯಯನಕ್ಕಾಗಿ ಕೆಲವೇ ಕಿಲೋ ಕಲ್ಲು ಒಯ್ಯುವುದಾಗಿ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಿರಿ. ಅರಣ್ಯದೊಳಗಿನ ಕಲ್ಲು ಕಾನೂನಿನ ಪ್ರಕಾರ ಅರಣ್ಯದ ಉತ್ಪನ್ನ. ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಹರಳು ಗಾತ್ರದ್ದನ್ನೂ ಎತ್ತಬಾರದು. ಚಿಂಚೋಳಿ ವನ್ಯಧಾಮವನ್ನು ಪಟ್ಟಿಯಿಂದಲೇ ತೆಗೆದುಹಾಕಿ. ಒಡೆಯರಿರುವ, ಪರವಾನಗಿ ಪಡೆದು ನಡೆಯುತ್ತಿರುವ ಕ್ವಾರಿಯಲ್ಲಿ ಕೇಳಿ ಪಡೆಯುವ ಒಡೆದ ಕಲ್ಲೇ ಎಲ್ಲಕ್ಕಿಂತ ಸುಲಭವಾದ, ಸ್ವಚ್ಛವಾದ ದಾರಿ. ಅಲ್ಲಿ ಕಲ್ಲು ಹೊಸದಾಗಿ ಸೀಳಿರುತ್ತದೆ, ಬಂಡೆಗೆ ನೀವು ಹೊಸ ಗಾಯ ಮಾಡುವ ಪ್ರಮೇಯವೂ ಇರುವುದಿಲ್ಲ.

ಯಾದಗಿರಿ ಜಿಲ್ಲೆಯಲ್ಲಿ ಕಲ್ಲು ಆರಿಸುವವರು ಬೇರೆ ಜಿಲ್ಲೆಯವರಿಗಿಂತ ಒಂದು ಪಟ್ಟು ಹೆಚ್ಚು ಎಚ್ಚರ ವಹಿಸಬೇಕಾದ ಕಾರಣವೊಂದಿದೆ. ಹುಣಸಗಿ ಕಣಿವೆ ಆದಿಮಾನವರ ಕಲ್ಲಿನ ಆಯುಧಗಳಿಗೆ ಜಗತ್ತಿನ ವಿದ್ವಾಂಸರು ಬಲ್ಲ ಹೆಸರು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಲ್ಲಿ ದಶಕಗಳ ಕಾಲ ಕೆಲಸ ಮಾಡಿದರು. ಇಸಾಂಪುರದ ನೆಲೆಗೆ ಸುಮಾರು 12 ಲಕ್ಷ ವರ್ಷವೆಂದು ಅಂದಾಜಿಸಲಾಗಿದೆ. ಅಲ್ಲಿಯ ಆಯುಧಗಳು ಹೆಚ್ಚಾಗಿ ಅದೇ ನೆಲದ ಸುಣ್ಣಕಲ್ಲಿನವು. ಅಂಗೈಯಷ್ಟು ಅಗಲವಿದ್ದು, ಎರಡೂ ಮೈಯಿಂದ ಚಕ್ಕೆ ಎಬ್ಬಿಸಿದ ಗುರುತುಗಳಿದ್ದು, ಬಾದಾಮಿ ಬೀಜದ ಆಕಾರಕ್ಕೆ ತಿರುಗಿದ ಕಲ್ಲು ಕಂಡರೆ ಅದು ನಮ್ಮ ಸಂಗ್ರಹಕ್ಕೆ ಸೇರುವ ಶಿಲಾಮಾದರಿ ಅಲ್ಲವೇ ಅಲ್ಲ. ಇದ್ದಲ್ಲಿಯೇ ಬಿಡಿ, ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ಶಹಾಪುರ ತಾಲ್ಲೂಕಿನ ವಿಭೂತಿಹಳ್ಳಿಯಲ್ಲಿ ಹೊಲದ ನಡುವೆ ಸಾಲಾಗಿ ಜೋಡಿಸಿಟ್ಟ ಬಂಡೆಗಳೂ ಹೀಗೆಯೇ. ನೋಡಿದವರಿಗೆ ಬರಿಯ ಕಲ್ಲು, ಆದರೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ನೆಲೆ. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ಸೀಮೆಯ ಬೃಹತ್ ಶಿಲಾಗೋರಿಗಳ ಬಗ್ಗೆ ಬರೆದಿದ್ದಾನೆ. ಯಾದಗಿರಿ ಕೋಟೆಯ ಗುಡ್ಡ, ಶಾಸನವಿರುವ ಬಂಡೆ, ಪೂಜೆಗೊಳ್ಳುವ ಕಲ್ಲು ಇವುಗಳ ಹತ್ತಿರ ಸುತ್ತಿಗೆಯನ್ನು ಚೀಲದಿಂದ ಹೊರಗೆ ತೆಗೆಯುವುದೂ ಬೇಡ.

ಶಹಾಪುರ ತಾಲ್ಲೂಕಿನ ಗೋಗಿ ಪರಿಸರವನ್ನೂ ಬಿಟ್ಟುಬಿಡಿ. ಅಲ್ಲಿ ಸುಣ್ಣಕಲ್ಲು ಮತ್ತು ಗ್ರಾನೈಟ್ ಸಂಧಿಸುವ ಬಿರುಕುವಲಯದಲ್ಲಿ ಯುರೇನಿಯಂ ಅದಿರಿದ್ದು, ಪರಮಾಣು ಖನಿಜ ನಿರ್ದೇಶನಾಲಯ ಅದನ್ನು ಅನ್ವೇಷಿಸಿದೆ. ಜಿರ್ಕಾನ್‌ನಲ್ಲಿರುವ ಯುರೇನಿಯಂ ಲೇಶಮಾತ್ರವಾದ್ದರಿಂದ ಮನೆಯಲ್ಲಿ ನಾಲ್ಕು ಗ್ರಾನೈಟ್ ತುಂಡಿಟ್ಟರೆ ಭಯವಿಲ್ಲ. ಅದಿರಿನ ಮಾತು ಬೇರೆ.

ಊರಿನವರಿಗೆ ಮೊದಲೇ ಹೇಳಿ ಹೋಗುವುದು ಕಾನೂನಿನಷ್ಟೇ ಮುಖ್ಯ. ನಮ್ಮ ಕಡೆ ಸುತ್ತಿಗೆ ಹಿಡಿದು ಗುಡ್ಡ ಹತ್ತಿದವನನ್ನು ನಿಧಿ ಅಗೆಯುವವನೆಂದೇ ತಿಳಿಯುತ್ತಾರೆ, ಅದಕ್ಕೆ ಕಾರಣವೂ ಇದೆ. ಸುರಪುರದ ಹತ್ತಿರದ ಹಳ್ಳಿಯೊಂದರಲ್ಲಿ ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ಬಹಳ ಹೊತ್ತು ನನ್ನನ್ನೇ ನೋಡಿ, “ಬಂಗಾರ ಅದ ಏನ್ರಿ ಸರ ಇದರಾಗ?” ಎಂದು ಕೇಳಿದರು. “ಇಲ್ರಿ ಯಪ್ಪಾ, ಹಳೀ ಕಲ್ಲು ಅಷ್ಟ” ಎಂದರೆ ನಂಬಲಿಲ್ಲ. ಲೆನ್ಸ್ ಕೊಟ್ಟು ತೋರಿಸಿದೆ. ಮಿಣಮಿಣ ಹೊಳೆಯುವ ಅಭ್ರಕ ನೋಡಿ ಅವರ ಅನುಮಾನ ಇನ್ನಷ್ಟು ಬಲವಾಯಿತು. ಅಂದಿನಿಂದ ಹಗಲು ಹೊತ್ತಿನಲ್ಲಿ, ಪಂಚಾಯಿತಿಯವರಿಗೆ ತಿಳಿಸಿ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗುತ್ತೇನೆ.

ಸಲಕರಣೆ ಮತ್ತು ಕಾಲ

ಒಂದು ಕಿಲೋ ತೂಕದ ಸುತ್ತಿಗೆ, ಒಂದು ಚಾಣ, ಕಣ್ಣು ಮುಚ್ಚುವ ಕನ್ನಡಕ, ದಪ್ಪ ಕೈಗವಸು, ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್, ಅಯಸ್ಕಾಂತ, ಹಳೆಯ ಪತ್ರಿಕೆಗಳು, ಗಟ್ಟಿ ಪ್ಲಾಸ್ಟಿಕ್ ಚೀಲ, ಅಳಿಸಿಹೋಗದ ಮಾರ್ಕರ್, ಪೆನ್ಸಿಲ್, ನೋಟುಬುಕ್ಕು ಇಷ್ಟು ಸಾಕು. ಗೌಂಡಿಯ ಅಗ್ಗದ ಸುತ್ತಿಗೆಯ ಅಂಚು ಗ್ರಾನೈಟಿಗೆ ಬಡಿದಾಗ ಸಿಡಿಯುವುದುಂಟು. ಸುತ್ತಿಗೆಗೆ ಸುತ್ತಿಗೆ ಬಡಿಯುವುದಂತೂ ಕೂಡದು. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಬಂಡೆ ಅದಕ್ಕಿಂತ ಹೆಚ್ಚು ಕಾದಿರುತ್ತದೆ. ನವೆಂಬರಿನಿಂದ ಫೆಬ್ರುವರಿ ತನಕದ ಬೆಳಗಿನ ಹೊತ್ತು ಪ್ರಶಸ್ತ. ಯಾವ ಕಲ್ಲನ್ನೂ ಈಚೆಯ ಅಂಚು ಹಿಡಿದು ಆಚೆಗೆ ಮಗುಚಬೇಡಿ, ಅಡಿಯಲ್ಲಿರುವ ಚೇಳೋ ಹಾವೋ ನೇರವಾಗಿ ನಿಮ್ಮ ಕಡೆಗೇ ಬರಬಹುದು. ನಿಮಗೂ ಅದಕ್ಕೂ ನಡುವೆ ಕಲ್ಲೊಂದು ಅಡ್ಡವಿರಬೇಕೆಂಬ ಲೆಕ್ಕದಲ್ಲಿ ಆಚೆಯ ಅಂಚನ್ನು ಚಾಣದ ತುದಿಯಿಂದ ಅಥವಾ ಕೋಲಿನಿಂದ ಮೀಟಿ ನಿಮ್ಮ ಕಡೆಗೆ ಎಬ್ಬಿಸುವುದು ಒಳ್ಳೆಯದು. ಬರಿಗೈ ಬೇಡ.

ಬಂಡೆಯ ಮುಂದೆ ನಿಂತಾಗ

ಸುತ್ತಿಗೆ ಎತ್ತುವ ಮೊದಲು ಅರ್ಧ ಗಂಟೆ ಬರಿಗಣ್ಣಿನಿಂದ ನೋಡಿ. ಗುಡ್ಡದಲ್ಲಿ ಒಂದೇ ಬಗೆಯ ಕಲ್ಲು ಇರುವುದು ಅಪರೂಪ. ಬಿಳಿ ಮತ್ತು ಕಪ್ಪು ಪಟ್ಟೆಗಳು ಕೌದಿಯ ಹೊಲಿಗೆಯಂತೆ ಬಳುಕುತ್ತ ಸಾಗಿದ್ದರೆ ಅದು ನೈಸ್. ಪಟ್ಟೆಯಿಲ್ಲದೆ ಕಾಳುಕಾಳಾಗಿ ಹರಡಿದ್ದರೆ ಗ್ರಾನೈಟ್. ಅದರಲ್ಲಿ ನಸುಗೆಂಪು ಅಥವಾ ಬಿಳಿಯ ಮಟ್ಟಸ ಮುಖಗಳು ಫೆಲ್ಡ್‌ಸ್ಪಾರ್, ಗಾಜಿನಂಥ ಬೂದುಕಣ ಬೆಣಚು, ಉಗುರಿನಿಂದ ಏಳುವ ಕಪ್ಪು ಹಾಳೆ ಬಯೊಟೈಟ್ ಎಂಬ ಅಭ್ರಕ. ಗ್ರಾನೈಟಿನ ಹೊಟ್ಟೆಯಲ್ಲಿ ನೈಸ್ ತುಂಡುಗಳು ಸಿಕ್ಕಿಕೊಂಡಿದ್ದರೆ ನೈಸ್ ಹಿರಿಯದು, ಗ್ರಾನೈಟ್ ಕಿರಿಯದು. ಯಾವ ಯಂತ್ರವೂ ಇಲ್ಲದೆ ವಯಸ್ಸಿನ ಹಿರಿತನ ಹೇಳಬಹುದಾದ ಸಂದರ್ಭ ಇದು. ಇವೆರಡನ್ನೂ ಸೀಳಿಕೊಂಡು ಗೋಡೆಯಂತೆ ಸಾಗಿರುವ ಕಡುಕಪ್ಪು ಕಲ್ಲು ಡಾಲರೈಟ್. ಅದು ಎಲ್ಲಕ್ಕಿಂತ ಕಿರಿಯದು, ಅದರಲ್ಲಿ ಜಿರ್ಕಾನ್ ಹುಡುಕುವುದು ಹೆಚ್ಚಾಗಿ ವ್ಯರ್ಥ.

ಜಿರ್ಕಾನ್ ಬಯೊಟೈಟ್ ಹೆಚ್ಚಿರುವ ಕಪ್ಪು ಪಟ್ಟೆಗಳ ಆಸುಪಾಸಿನಲ್ಲಿ ಕೂರುವುದು ಹೆಚ್ಚು. ಆದ್ದರಿಂದ ಮಾದರಿ ಆರಿಸುವಾಗ ಬಿಳಿ, ಕಪ್ಪು ಎರಡೂ ಪಟ್ಟೆಗಳು ಬರುವಂತೆ ನೋಡಿಕೊಳ್ಳಿ. ಬಂಡೆಯ ಹೊರಮೈ ಮಳೆ ಬಿಸಿಲಿಗೆ ಕಂದಾಗಿ ಸಡಿಲಾಗಿರುತ್ತದೆ. ಸುತ್ತಿಗೆಯಿಂದ ತಟ್ಟಿದರೆ ಸಡಿಲು ಕಲ್ಲು ‘ಡಬ್’ ಎನ್ನುತ್ತದೆ, ಗಟ್ಟಿ ಕಲ್ಲು ಕಂಚಿನಂತೆ ‘ಠಣ್’ ಎನ್ನುತ್ತದೆ. ಕಲ್ಲು ಒಡೆಯುವ ಕೆಲಸಗಾರರು ಈ ಸದ್ದಿನಿಂದಲೇ ಕಲ್ಲಿನ ಒಳಬಿರುಕನ್ನು ಹೇಳಬಲ್ಲರು. ಕ್ವಾರಿಯಲ್ಲಿ ಅವರ ಜೊತೆ ಒಂದು ಬೆಳಗು ಕಳೆದರೆ ಬಹಳ ಕಲಿಯಬಹುದು.

ಪ್ರದರ್ಶನಕ್ಕೆ ಮುಷ್ಟಿ ಗಾತ್ರದ, ಕನಿಷ್ಠ ಎರಡು ಮುಖ ಹೊಸದಾಗಿ ಒಡೆದಿರುವ ತುಂಡು ಸಾಕು. ಜಿರ್ಕಾನ್ ಬೇರ್ಪಡಿಸುವ ಉದ್ದೇಶವಿದ್ದರೆ ಅದೇ ಜಾಗದಿಂದ ಎರಡು ಮೂರು ಕಿಲೋ ಬೇಕಾಗುತ್ತದೆ. ಇಲ್ಲಿಯೇ ಒಂದು ಉಪಾಯವಿದೆ. ಗುಡ್ಡದ ಬುಡದಲ್ಲಿ ಗ್ರಾನೈಟ್ ತಾನಾಗಿಯೇ ಉದುರಿ ಗರಸಾಗಿರುತ್ತದಲ್ಲ, ಅದನ್ನು ತನ್ನಿ. ಫೆಲ್ಡ್‌ಸ್ಪಾರ್ ಕೊಳೆತು ಮಣ್ಣಾಗಿ, ಜಿರ್ಕಾನ್ ಮಾತ್ರ ಏನೂ ಆಗದೆ ಉಳಿದಿರುವುದರಿಂದ, ಕಲ್ಲು ಕುಟ್ಟುವ ಕಷ್ಟ ಮತ್ತು ಆ ದೂಳು ಎರಡೂ ತಪ್ಪುತ್ತವೆ. ಗರಸಿನ ಕೆಳಗೆ ಗಟ್ಟಿ ಬಂಡೆ ಕಾಣುವ ಕಡೆಯೇ ತೆಗೆಯಿರಿ. ಬೇರೆಡೆಯಿಂದ ಲಾರಿಯಲ್ಲಿ ತಂದು ಸುರಿದ ಗರಸು ರಸ್ತೆ ಬದಿಯಲ್ಲಿ ಬೇಕಾದಷ್ಟಿರುತ್ತದೆ.

ಭೀಮಾ ನದಿಯ ಮರಳಿನಲ್ಲಿ ಹುಡುಕಬಹುದಲ್ಲವೇ ಎಂದು ಕೇಳುವವರಿದ್ದಾರೆ. ಬೇಡ ಎನ್ನುತ್ತೇನೆ. ಮರಳಿಗೆ ಸಂಬಂಧಿಸಿದ ಕಾನೂನಿನ ತೊಡಕು ಒಂದೆಡೆಗಿರಲಿ, ಭೀಮಾಶಂಕರದಲ್ಲಿ ಹುಟ್ಟಿ ಮಹಾರಾಷ್ಟ್ರದ ಬಸಾಲ್ಟ್ ನೆಲವನ್ನೆಲ್ಲ ತೊಳೆದುಕೊಂಡು ಬರುವ ನದಿಯ ಒಂದು ಕಣ ಯಾವ ಗುಡ್ಡದ್ದೆಂದು ಹೇಳಲು ಯಾರಿಂದಲೂ ಆಗದು. ಅದಕ್ಕಿಂತ, ಒಂದೇ ಗುಡ್ಡದ ನೀರು ಮಾತ್ರ ಹರಿಯುವ ಸಣ್ಣ ಹಳ್ಳದ ತಿರುವಿನಲ್ಲಿ ಕೂತ ಕಪ್ಪು ಮಣಲು ಎಷ್ಟೋ ಮೇಲು.

ಚೀಟಿ ಬರೆಯುವುದು

ಮೊದಲ ವರ್ಷ ನಾನು ಹದಿನಾಲ್ಕು ಕಲ್ಲುಗಳನ್ನು ಒಂದೇ ಸಿಮೆಂಟ್ ಚೀಲದಲ್ಲಿ ತುಂಬಿ, ಪ್ರತಿಯೊಂದರ ಮೇಲೂ ಬಾಲ್ ಪೆನ್ನಿನಲ್ಲಿ ಬರೆದ ಚೀಟಿ ಸುತ್ತಿ, ಬಸ್ಸಿನ ಮೇಲೆ ಹಾಕಿಕೊಂಡು ಬಂದೆ. ಕಲಬುರಗಿ ತಲುಪುವ ಹೊತ್ತಿಗೆ ಚೀಟಿಗಳು ಹಿಟ್ಟಾಗಿದ್ದವು. ಹದಿನಾಲ್ಕು ಕಲ್ಲುಗಳಲ್ಲಿ ಊರು ನೆನಪಿದ್ದವು ಮೂರು. ಉಳಿದ ಹನ್ನೊಂದು ಇಂದಿಗೂ ಅಂಗಳದ ತುಳಸಿಕಟ್ಟೆಯ ಸುತ್ತ ಇವೆ. ನೋಡಲು ಚೆನ್ನಾಗಿವೆ, ಮಾದರಿಗಳಾಗಿ ಅವಕ್ಕೆ ಬೆಲೆಯಿಲ್ಲ.

ಈಗ ಅನುಸರಿಸುವ ಕ್ರಮ ಹೀಗಿದೆ. ಬಂಡೆಯಿಂದ ಬಿಡಿಸುವ ಮೊದಲೇ, ಪಕ್ಕದಲ್ಲಿ ಸ್ಕೇಲ್ ಇಟ್ಟು ದೂರದಿಂದ ಒಂದು, ಹತ್ತಿರದಿಂದ ಒಂದು ಫೋಟೊ ತೆಗೆಯುವುದು. ಬಂಡೆಗೆ ಅಂಟಿಕೊಂಡಿರುವಾಗಲೇ ಮಾರ್ಕರಿನಿಂದ ಮೇಲ್ಮುಖದಲ್ಲಿ ಉತ್ತರ ದಿಕ್ಕಿನ ಬಾಣದ ಗುರುತು ಹಾಕುವುದು, ಏಕೆಂದರೆ ಪಟ್ಟೆ ಯಾವ ದಿಕ್ಕಿಗೆ ಸಾಗಿತ್ತೆಂಬುದು ಕಲ್ಲು ಕೈಗೆ ಬಂದ ಮೇಲೆ ತಿಳಿಯುವುದಿಲ್ಲ. ಆಮೇಲೆ ಒಂದು ಸಂಖ್ಯೆ ಕೊಡುವುದು. ನಾನು ತಾಲ್ಲೂಕಿನ ಅಕ್ಷರ, ವರ್ಷ, ಕ್ರಮಾಂಕ ಸೇರಿಸುತ್ತೇನೆ, ಶಹಾಪುರದ್ದಾದರೆ ‘ಶ-24-07’ ಎಂಬಂತೆ. ಅದೇ ಸಂಖ್ಯೆ ಕಲ್ಲಿನ ಮೇಲೆ, ಚೀಲದ ಒಳಗೆ, ಚೀಲದ ಹೊರಗೆ, ನೋಟುಬುಕ್ಕಿನಲ್ಲಿ ಹೀಗೆ ನಾಲ್ಕು ಕಡೆ ಇರಬೇಕು. ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ. ನೀರು ತಾಗಿದರೂ ಅದು ಹರಡುವುದಿಲ್ಲ. ನೋಟುಬುಕ್ಕಿನಲ್ಲಿ ಫೋನು ತೋರಿಸುವ ಅಕ್ಷಾಂಶ ರೇಖಾಂಶಗಳನ್ನು ದಶಾಂಶದ ಐದು ಸ್ಥಾನಗಳವರೆಗೆ, ಊರು, ಸರ್ವೆ ನಂಬರ್, ದಿನಾಂಕ, ಅಪ್ಪಣೆ ಕೊಟ್ಟವರು, ಕಲ್ಲು ಬಂಡೆಯಿಂದ ಬಿಡಿಸಿದ್ದೋ ಬಿದ್ದಿದ್ದೋ ಎಂಬುದನ್ನು ಅಲ್ಲಿ ನಿಂತೇ ಬರೆಯಿರಿ. ಬಿದ್ದ ಕಲ್ಲನ್ನು ‘ಬಂಡೆಯದು’ ಎಂದು ಬರೆಯುವುದು ಸಣ್ಣ ಸುಳ್ಳಾಗಿ ಕಂಡರೂ ಮುಂದೆ ಅಳೆಯುವವರ ಶ್ರಮವನ್ನೆಲ್ಲ ದಾರಿ ತಪ್ಪಿಸುತ್ತದೆ.

ಮನೆಯಲ್ಲಿ ಜಿರ್ಕಾನ್ ಬೇರ್ಪಡಿಸುವುದು

ಅಕ್ಕಿಯನ್ನು ನೀರಿನಲ್ಲಿ ಜಾಲಿಸಿ ಕಲ್ಲು ತೆಗೆಯಲು ಬಲ್ಲವರಿಗೆ ಈ ವಿದ್ಯೆ ಅರ್ಧ ಬಂದಂತೆಯೇ. ಹಿಂದೆ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಬಂಗಾರದ ಕಣ ಹಿಡಿಯುತ್ತಿದ್ದ ಜಾಲಗಾರರ ಕಸುಬೂ ಇದೇ ತತ್ವದ ಮೇಲೆ ನಿಂತಿತ್ತು: ಹಗುರಾದದ್ದು ನೀರಿನೊಂದಿಗೆ ಹೋಗುತ್ತದೆ, ಭಾರವಾದದ್ದು ತಳ ಹಿಡಿಯುತ್ತದೆ. ಬೆಣಚು ನೀರಿಗಿಂತ 2.65 ಪಟ್ಟು ಭಾರ, ಜಿರ್ಕಾನ್ ಸುಮಾರು 4.6 ಪಟ್ಟು.

ಎರಡು ಕಿಲೋ ಗರಸನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ನೆನೆಹಾಕಿ, ಬೆಳಿಗ್ಗೆ ಕೈಯಿಂದ ಹಿಸುಕಿ, ಕೆಸರುನೀರನ್ನು ಏಳೆಂಟು ಸಲ ಬಸಿಯಿರಿ. ಉಳಿದ ಮರಳನ್ನು ಒದ್ದೆಯಾಗಿರುವಂತೆಯೇ ಹಿಟ್ಟಿನ ಸಾಣಿಗೆಯಲ್ಲಿ ಸೋಸಿ, ಕೆಳಗೆ ಇಳಿದ ನಯವಾದದ್ದನ್ನು ಇಟ್ಟುಕೊಳ್ಳಿ. ಒಣಗಿದ ಮೇಲೆ ಸೋಸಬಾರದು, ಗಟ್ಟಿ ಕಲ್ಲನ್ನು ಒಣಗಿದ್ದಾಗ ಕುಟ್ಟಲೂಬಾರದು. ಬೆಣಚಿನ ನವಿರಾದ ದೂಳು ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಬರುತ್ತದೆ, ಅದಕ್ಕೆ ಮದ್ದಿಲ್ಲ. ಪ್ರಯೋಗಾಲಯಗಳಲ್ಲಿ ಬಳಸುವ ಬ್ರೋಮೋಫಾರ್ಮ್‌ನಂಥ ಭಾರದ್ರವಗಳು ವಿಷ. ಅವುಗಳ ಗೊಡವೆ ಮನೆಯಲ್ಲಿ ಬೇಡ.

ಸೋಸಿದ ಮರಳನ್ನು ಒಂದು ಹಿಡಿಯಷ್ಟು ಸ್ಟೀಲಿನ ಪರಾತಕ್ಕೆ ಹಾಕಿ, ಮುಳುಗುವಷ್ಟು ನೀರು ಬಿಟ್ಟು, ಮೊದಲು ಅತ್ತಿತ್ತ ಜೋರಾಗಿ ಅಲುಗಿಸಿ ಭಾರದ ಕಣಗಳು ತಳಕ್ಕೆ ಇಳಿಯಲು ಬಿಡಿ. ಅನಂತರ ಪರಾತವನ್ನು ಮುಂದಕ್ಕೆ ಬಾಗಿಸಿ, ವೃತ್ತಾಕಾರವಾಗಿ ತಿರುಗಿಸುತ್ತ, ಅಂಚಿನಿಂದ ಬಿಳಿ ಮರಳು ನೀರಿನೊಂದಿಗೆ ಸ್ವಲ್ಪ ಸ್ವಲ್ಪವೇ ಜಾರುವಂತೆ ಮಾಡಿ. ಅವಸರ ಮಾಡಿದರೆ ಬೇಕಾದದ್ದೂ ಹೋಗುತ್ತದೆ. ಜಾರಿದ್ದನ್ನು ಬಕೆಟ್ಟಿನಲ್ಲಿ ಹಿಡಿದು ಎರಡನೆಯ ಸಲ ಜಾಲಿಸಿ. ಸುಮಾರು ಇಪ್ಪತ್ತು ನಿಮಿಷದ ಮೇಲೆ ತಳದಲ್ಲಿ ಬಿದಿಗೆಯ ಚಂದ್ರನಂತೆ ಕಪ್ಪು ಗೆರೆಯೊಂದು ಉಳಿಯುತ್ತದೆ. ಆ ಕಪ್ಪಿನಲ್ಲಿ ಹೆಚ್ಚಿನದು ಮ್ಯಾಗ್ನೆಟೈಟ್. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅದರ ಮೇಲೆ ಆಡಿಸಿದರೆ ಕಪ್ಪು ಕಣಗಳು ಇರುವೆಯ ಹಿಂಡಿನಂತೆ ಮೇಲೇಳುತ್ತವೆ. ಹಾಳೆ ಬಿಚ್ಚಿದರೆ ಉದುರುತ್ತವೆ. ಉಳಿಯುವುದು ಚಿಟಿಕೆಗಿಂತ ಕಡಿಮೆ.

ಆ ಚಿಟಿಕೆಯನ್ನು ಕಪ್ಪು ಕಾಗದದ ಮೇಲೆ ಹರಡಿ ಲೆನ್ಸಿನಲ್ಲಿ, ಸಾಧ್ಯವಾದರೆ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡಿ. ಕಣಗಳ ಉದ್ದ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತರಲ್ಲೊಂದು ಭಾಗದ ಆಚೀಚೆ ಇರುತ್ತದೆ. ನಾಲ್ಕು ಮೂಲೆಯ ಕಂಬ, ಎರಡೂ ತುದಿಗೆ ಗೋಪುರದ ಮೊನೆ, ನಸುಗುಲಾಬಿ ಅಥವಾ ಜೇನಿನ ಬಣ್ಣ, ವಜ್ರದಂಥ ಬಿರುಸಾದ ಹೊಳಪು: ಈ ನಾಲ್ಕೂ ಸೇರಿದ್ದರೆ ಜಿರ್ಕಾನ್ ಇರಬಹುದು. ಹೊಳಪು ಗಾಜಿನದ್ದಾಗಿ ಆಕಾರವಿಲ್ಲದಿದ್ದರೆ ಬೆಣಚು; ಆರು ಮೂಲೆಯ ಬಣ್ಣವಿಲ್ಲದ ಕಡ್ಡಿ ಅಪಟೈಟ್; ಬೆಣೆಯಂಥ ಕಂದು ಹರಳು ಟೈಟನೈಟ್; ಪಿಸ್ತಾ ಹಸಿರಿನದು ಎಪಿಡೋಟ್. ಹಳ್ಳದ ಮಣಲಿನದ್ದಾದರೆ ಮೂಲೆಗಳು ಸವೆದು ದುಂಡಾಗಿರುವುದೂ ಉಂಟು. ಒದ್ದೆ ಮಾಡಿದ ಕುಂಚದ ತುದಿಯಿಂದ ಒಂದೊಂದನ್ನೇ ಎತ್ತಿ ಚಿಕ್ಕ ಗಾಜಿನ ಶೀಶೆಗೆ ಹಾಕಿ. ಒಂದು ಗುಡ್ಡದ ಕೆಲಸ ಮುಗಿದ ಮೇಲೆ ಪರಾತ, ಸಾಣಿಗೆ, ಕುಂಚ ಎಲ್ಲವನ್ನೂ ಉಜ್ಜಿ ತೊಳೆಯದೆ ಇನ್ನೊಂದು ಗುಡ್ಡದ ಗರಸು ಹಾಕಕೂಡದು. ಹಿಂದಿನ ಗುಡ್ಡದ ಒಂದೇ ಕಣ ಬೆರೆತರೂ ದಾಖಲೆ ಕೆಡುತ್ತದೆ.

ಕೊಂಡುಕೊಳ್ಳುವುದಾದರೆ

ಅಕಾಸ್ಟಾ ನೈಸ್ ತುಂಡು, ಜ್ಯಾಕ್ ಹಿಲ್ಸ್ ಕಲ್ಲು ಎಂದು ಅಂತರಜಾಲದಲ್ಲಿ ಮಾರುವವರಿದ್ದಾರೆ. ತೆಗೆದ ಸ್ಥಳ, ತೆಗೆದವರು, ಅಲ್ಲಿನ ಅನುಮತಿ ಇವುಗಳ ಕಾಗದವಿಲ್ಲದ್ದನ್ನು ಕೊಳ್ಳಬೇಡಿ. ಜ್ಯಾಕ್ ಹಿಲ್ಸ್‌ನಲ್ಲಿಯೂ 400 ಕೋಟಿ ವರ್ಷ ದಾಟಿದ ಜಿರ್ಕಾನ್ ನೂರಕ್ಕೆ ಕೆಲವೇ ಇರುತ್ತವೆ. ಹೆಚ್ಚಿನವಕ್ಕೆ 330ರಿಂದ 340 ಕೋಟಿ ವರ್ಷ. ‘ಇದರಲ್ಲಿ 440 ಕೋಟಿ ವರ್ಷದ ಹರಳು ಗ್ಯಾರಂಟಿ’ ಎಂದವನಿಗೆ ಅಳತೆಯ ವರದಿ ಕೇಳಿ.

ಇಡುವುದು, ಮತ್ತು ವಯಸ್ಸಿನ ಸಾಲು

ಕಲ್ಲನ್ನು ಬರಿನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ನೆರಳಲ್ಲಿ ಒಣಗಿಸಿ. ಎಣ್ಣೆ, ವಾರ್ನಿಷ್ ಹಚ್ಚಬೇಡಿ. ಕಣ್ಣಿಗೆ ಬೀಳದ ಮೂಲೆಯಲ್ಲಿ ಬೆರಳುಗುರಿನಷ್ಟು ಜಾಗಕ್ಕೆ ವೈಟ್ನರ್ ಬಳಿದು, ಅದರ ಮೇಲೆ ಸಂಖ್ಯೆ ಬರೆದು, ಬಣ್ಣವಿಲ್ಲದ ನೇಲ್ ಪಾಲಿಶ್ ಲೇಪಿಸಿದರೆ ವರ್ಷಾನುಗಟ್ಟಲೆ ಅಳಿಯುವುದಿಲ್ಲ. ಚೀಟಿಗಳು ಗೆದ್ದಲಿಗೆ ಪ್ರಿಯ. ಪ್ಲಾಸ್ಟಿಕ್ ಕವರಿನಲ್ಲಿಡಿ, ನೋಟುಬುಕ್ಕಿನ ಪುಟಗಳ ಫೋಟೊ ಬೇರೆಡೆ ಇರಲಿ.

ಚೀಟಿಯಲ್ಲಿ ವಯಸ್ಸಿಗೆಂದು ಒಂದು ಸಾಲು ಬಿಡುತ್ತೇವಲ್ಲ, ಅಲ್ಲಿ ‘260 ಕೋಟಿ ವರ್ಷ’ ಎಂದು ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ. ನಕ್ಷೆ ಮತ್ತು ಪ್ರಕಟಿತ ಬರಹಗಳ ಆಧಾರದ ಮೇಲೆ ‘ಈ ಪ್ರದೇಶದ ಗ್ರಾನೈಟ್‌ಗಳಿಗೆ ಬಹುಮಟ್ಟಿಗೆ 250–270 ಕೋಟಿ ವರ್ಷ’ ಎಂದು ಬರೆದು, ಅದರ ಕೆಳಗೆ ‘ಈ ಮಾದರಿ: ಅಳೆದಿಲ್ಲ’ ಎಂದು ಸೇರಿಸಿ. ನಮ್ಮ ಭಾಗಕ್ಕೆ ಹತ್ತಿರದ ದೊಡ್ಡ ಸಂಸ್ಥೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ. ಅಂಥ ಸಂಸ್ಥೆಯಲ್ಲೋ ವಿಶ್ವವಿದ್ಯಾಲಯದಲ್ಲೋ ಈ ಸೀಮೆಯ ಬಗ್ಗೆ ಸಂಶೋಧನೆ ಮಾಡುತ್ತಿರುವವರಿಗೆ ಪತ್ರ ಬರೆಯುವಾಗ ಕಲ್ಲನ್ನು ಕಳಿಸಬೇಡಿ, ನೋಟುಬುಕ್ಕಿನ ಪುಟವನ್ನು ಮೊದಲು ಕಳಿಸಿ. ಅವರಿಗೆ ಆಸಕ್ತಿ ಹುಟ್ಟಿಸುವುದು ಅದೇ. ಮುಂದೆಂದಾದರೂ ಅಳತೆ ಆಗಿ ಅಂಕಿ ಬಂದರೆ ‘ಅಳೆದಿಲ್ಲ’ ಎಂಬ ಸಾಲನ್ನು ಹೊಡೆದುಹಾಕದೆ, ಅದರ ಕೆಳಗೆ ಅಂಕಿ, ಅಳೆದ ವಿಧಾನ, ಪ್ರಯೋಗಾಲಯ, ದಿನಾಂಕ ಮತ್ತು ಎಷ್ಟು ಹರಳುಗಳನ್ನು ಅಳೆದರು ಎಂಬುದನ್ನು ಪೆನ್ಸಿಲಿನಲ್ಲಿ ಸೇರಿಸಿ.